ಜಿಂಕೆಗೆಂದು ಬಿತ್ತಿದ ಹೊಲ

ಕೋಳಿ ಕೂಗುವುದಕ್ಕೆ ಮೊದಲು ಚಿಕ್ಕಗಂಗಮ್ಮ ಮಾಡಿ ಮುಗಿಸಬೇಕಾದ ಕೆಲಸಗಳು ಇವು. ಒಲೆಯ ಬೂದಿ ತೆಗೆಯುವುದು. ಕೊಟ್ಟಿಗೆಯ ಸಗಣಿ ಬಾಚಿ ತಿಪ್ಪೆಗೆ ಹಾಕುವುದು. ಎರಡು ಹಸುಗಳ ಹಾಲು ಕರೆಯುವುದು. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವುದು. ಗಂಡನ ಮುಖಕ್ಕೆ ಬಿಸಿನೀರು, ಅತ್ತೆಗೆ ಬೆಲ್ಲದ ಕಾಫಿ, ಇಬ್ಬರು ಹೆಣ್ಣುಮಕ್ಕಳ ಸ್ಕೂಲಿನ ಡಬ್ಬಿಗೆ ಏನಾದರೊಂದು. ಇಷ್ಟನ್ನು ಆ ಊರಿನ ಎಲ್ಲ ಹೆಂಗಸರೂ ಮಾಡುತ್ತಿದ್ದರು. ಅವಳೊಬ್ಬಳೇ ಮಾಡುತ್ತಿದ್ದದ್ದು ಬೇರೆ ಇತ್ತು. ಕಾಡಂಚಿನ ಹೊಲಕ್ಕೆ ಹೋಗಿ, ಹಳ್ಳದ ಗುಂಡಿಯಿಂದ ಹದಿನೆಂಟು ಕೊಡ ನೀರು ಹೊತ್ತು ಒಂಬತ್ತು ನೆಲ್ಲಿಗಿಡಗಳಿಗೆ ಹಾಕಬೇಕು. ಉಪ್ಪಿನ ಗುಂಡಿ ಬರಿದಾಗಿದ್ದರೆ ತುಂಬಬೇಕು. ಅಟ್ಟಣೆಯ ಕೆಳಗೆ ಬಿದ್ದ ಸಿಗರೇಟಿನ ತುಂಡು, ಬ್ರಾಂದಿ ಬಾಟಲಿ ಆಯಬೇಕು. ಊರಿನ ಕಡೆಯ ಬೇಲಿಯನ್ನು ದನ ನುಗ್ಗದ ಹಾಗೆ ಮುಳ್ಳು ಹಾಕಿ ಬಿಗಿ ಮಾಡಬೇಕು. ಕಾಡಿನ ಕಡೆಯ ಬೇಲಿಯಲ್ಲಿ ಜಿಂಕೆ ನುಗ್ಗುವಷ್ಟು ಕಂಡಿ ಬಿಡಬೇಕು. ಬಿಸಿಲೇರುವ ಮೊದಲು ಅಲ್ಲಿಂದ ಹೊರಟುಬಿಡಬೇಕು, ಯಾಕೆಂದರೆ ಹೆಂಗಸಿನ ವಾಸನೆ ಸಾಯಂಕಾಲದವರೆಗೂ ನಿಂತರೆ ಜಿಂಕೆ ಬರುವುದಿಲ್ಲವಂತೆ.

ಹೊಲ ಅವಳದು. ಒಂದೂವರೆ ಎಕರೆ. ಊರ್ಡಿಗೆರೆ ಹೋಬಳಿಯ ಆ ಊರಿನಲ್ಲಿ ಅವಳ ಅಜ್ಜ, ಮಗಳು ಪುಟ್ಟತಾಯಮ್ಮನನ್ನು ಗುಬ್ಬಿ ಕಡೆಯ ಕಡಬಕ್ಕೆ ಕೊಟ್ಟಾಗ ಅರಿಶಿನ ಕುಂಕುಮಕ್ಕೆಂದು ಬರೆದುಕೊಟ್ಟಿದ್ದ ಜಮೀನು ಅದು. ಪುಟ್ಟತಾಯಮ್ಮ ತನ್ನ ಮಗಳು ಚಿಕ್ಕಗಂಗಮ್ಮನನ್ನು ಸ್ವಂತ ತಮ್ಮ ರಾಮಾಂಜಿನಯ್ಯನಿಗೇ ಕೊಟ್ಟು ಮದುವೆ ಮಾಡಿದ ವರ್ಷ, ಹೊಲವನ್ನೂ ಮಗಳ ಹೆಸರಿಗೆ ಮಾಡಿಸಿದಳು. "ಇದ್ರಲ್ಲಿ ಬೆಳ್ದಿದ್ದು ನಿನ್ನೊಲೆ ಮೇಲೇ ಬೇಯ್ಬೇಕು ಕಣೇ. ಒಂದು ಹಿಡಿ ಕಾಳಿಗೆ ನೀನು ಇನ್ನೊಬ್ರ ಕೈ ನೋಡ್ಬಾರ್ದು" ಎಂದಿದ್ದಳು.

ಸೋದರಮಾವ ಗಂಡನಾದ. ಹುಟ್ಟಿದಾಗಿನಿಂದ ಎತ್ತಿ ಆಡಿಸಿದ್ದ ಅಜ್ಜಿ ಹನುಮಂತಮ್ಮ ಅತ್ತೆಯಾದಳು. ಮದುವೆಯಾದ ಮೂರನೇ ದಿನ ಚಿಕ್ಕಗಂಗಮ್ಮ ಅಭ್ಯಾಸದಂತೆ "ಅಜ್ಜೀ" ಎಂದು ಕರೆದಾಗ ಹನುಮಂತಮ್ಮ ರಾಗಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟು ಹೇಳಿದಳು: "ಇನ್ಮೇಲೆ ಅತ್ತೆ ಅನ್ನು. ಅಜ್ಜಿ ಅಂದ್ರೆ ತೊಡೆ ಮೇಲೆ ಮಲಗೋ ಆಸೆ ಬತ್ತದೆ ನಿಂಗೆ. ಈ ಮನೇಲಿ ಮಲಗೋಕೆ ಟೈಮಿಲ್ಲ."

ಮೊದಲ ಕೆಲವು ವರ್ಷ ಅವಳು ಆ ಹೊಲದಲ್ಲಿ ರಾಗಿ ಹಾಕಿದಳು. ರಾಗಿಯ ನಡುವೆ ಸಾಲು ಬಿಟ್ಟು ಅವರೆ, ಜೋಳ, ಅಂಚಿಗೆ ಹುಚ್ಚೆಳ್ಳು. ಕಾಡಿನಿಂದ ಜಿಂಕೆಗಳು ಬಂದು ತಿನ್ನುತ್ತಿದ್ದವು. ತಿಂದದ್ದು ಹೋಗಿ ಉಳಿದದ್ದು ಮನೆಗೆ ಬರುತ್ತಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಅವರೆಯ ಕುಡಿಯೆಲ್ಲ ಮೇದು, ಪಕ್ಕದಲ್ಲೇ ಇದ್ದ ಹುಚ್ಚೆಳ್ಳಿಗೆ ಮೂತಿಯನ್ನೂ ತಾಗಿಸದೆ ಹೋಗಿರುತ್ತಿದ್ದವು. ಅದರ ಎಲೆಯ ಘಾಟು, ಬಾಯಿಗೆ ಚುಚ್ಚುವ ಸುಂಕು ಅವಕ್ಕೆ ಆಗದು, ದನಗಳಿಗೂ ಆಗದು. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಹುಚ್ಚೆಳ್ಳು ಚಟ್ನಿಪುಡಿ ಕುಟ್ಟುವವರ ಬಾಬತ್ತು. ತಿನ್ನುವವರು ಗಿಡ ನೋಡುವುದಿಲ್ಲ.

ಗೋಡೆಯ ಮೇಲೆ ಅಜ್ಜನ ಕಾಲದ ಕೋವಿಯೊಂದಿತ್ತು. ಬೆಳೆ ಕಾಯುವುದಕ್ಕೆಂದು ಲೈಸೆನ್ಸು ಇದ್ದ ಕೋವಿ. ರಾಮಾಂಜಿನಯ್ಯ ಅದನ್ನು ಆಯುಧಪೂಜೆಗೆ ಇಳಿಸಿ ಒರೆಸಿ ಮತ್ತೆ ಏರಿಸುತ್ತಿದ್ದ, ಅಷ್ಟೆ. ಒರೆಸುತ್ತಿದ್ದದ್ದೂ ಹೆಂಡತಿಯೇ.

ತೊಂಬತ್ತನಾಲ್ಕರಲ್ಲಿ ದಯಾನಂದನ ಜೀಪು ಬೆಟ್ಟದ ದಾರಿಯಲ್ಲಿ ಬಿಸಿಯಾಗಿ ಅವರ ಮನೆಯ ಮುಂದೆ ನಿಂತಿತು. ತುಮಕೂರಿನ ಸತ್ಯಮಂಗಲದಲ್ಲಿ ಅವನದೊಂದು ಸಣ್ಣ ಕಾರ್ಖಾನೆ. ರೇಡಿಯೇಟರಿಗೆ ನೀರು ಕೇಳಿಕೊಂಡು ಒಳಗೆ ಬಂದವನು ಗೋಡೆ ನೋಡಿದ.

"ಲೈಸೆನ್ಸ್ ಇದೆಯಾ ರಾಮಾಂಜಿನಯ್ಯನವರೇ?"

ಅಷ್ಟು ದೊಡ್ಡ ಮನುಷ್ಯ ತನ್ನ ಹೆಸರಿನ ಹಿಂದೆ 'ಅವರೇ' ಹಚ್ಚಿದ್ದು ರಾಮಾಂಜಿನಯ್ಯನ ತಲೆಗೇರಿತು. ಅದು ಮತ್ತೆ ಇಳಿಯಲಿಲ್ಲ.

ಹೊರದೇಶದಲ್ಲಿ ಜಿಂಕೆಗೆಂದೇ ಹೊಲ ಮಾಡುತ್ತಾರೆ, ಹಣ್ಣಿನ ಗಿಡ ಹಾಕುತ್ತಾರೆ, ತಿನ್ನಲು ಬಂದಾಗ ಅಟ್ಟಣೆ ಕಟ್ಟಿ ಕೂತಲ್ಲಿಂದಲೇ ಹೊಡೆಯುತ್ತಾರೆ, ಬಣ್ಣದ ಪುಸ್ತಕದಲ್ಲಿ ಫೋಟೋ ಸಮೇತ ಬಂದಿದೆ ಎಂದು ದಯಾನಂದ ಹೇಳಿದ. ಆ ಫೋಟೋಗಳಲ್ಲಿ ಗಿಡಕ್ಕೆ ನೀರು ಹಾಕುವವರು ಯಾರೂ ಇರಲಿಲ್ಲವೇನೋ. ರಾಮಾಂಜಿನಯ್ಯ ಹೆಂಡತಿಯನ್ನು ಕರೆದು, "ಈ ವರ್ಷದಿಂದ ಕಾಡ್ ಹೊಲಕ್ಕೆ ರಾಗಿ ಬೇಡ, ಪೂರ್ತಿ ಹುರುಳಿ ಚೆಲ್ಲು" ಎಂದ.

"ಹುರುಳಿ ಹಾಕುದ್ರೆ ನಮ್ಗೇನು ಉಳೀತದೆ ಮಾವ? ಜಿಂಕೆ ಬುಡದವರ್ಗೂ ಮೇಯ್ತವೆ."

"ಮೇಯ್ಲಿ ಅಂತ್ಲೇ ಕಣೇ ಹೇಳಿದ್ದು."

ನೆಲ್ಲಿಯ ಸಸಿಗಳನ್ನು ಅವಳೇ ತಂದಳು. ಅರಣ್ಯದವರ ನರ್ಸರಿಯಲ್ಲಿ ರೈತರಿಗೆ ಪುಕ್ಕಟೆ ಕೊಡುತ್ತಿದ್ದ ಸಸಿಗಳು. ಬುಟ್ಟಿಗೆ ಐದರಂತೆ, ಎರಡು ಸಲ, ತಲೆಯ ಮೇಲೆ. "ಕಾಡಂಚಲ್ಲಿ ನೆಲ್ಲಿ ಹಾಕ್ತಿದೀಯಾ, ಒಳ್ಳೇದಮ್ಮಾ" ಎಂದು ನರ್ಸರಿಯ ಮುದುಕ ಅವಳನ್ನು ಹೊಗಳಿ ಕಳಿಸಿದ. ಹತ್ತು ಗುಂಡಿ ತೋಡಿದವಳು ಅವಳು, ಗೊಬ್ಬರ ಹೊತ್ತವಳು ಅವಳು. ಮೊದಲ ತಿಂಗಳಲ್ಲೇ ದಯಾನಂದ ಜೀಪಿನಿಂದ ಎರಡು ಮೂಟೆ ಕಲ್ಲುಪ್ಪು ಇಳಿಸಿ, ಜಿಂಕೆ ನೆಕ್ಕಲಿ ಎಂದು ಸಸಿಗಳ ಬುಡಕ್ಕೇ ಸುರಿಸಿದ. "ಸಾರ್, ಉಪ್ಪು ಹಾಕುದ್ರೆ ಬೇರು ಸುಟ್ಟೋಗ್ತದೆ" ಎಂದು ಅವಳು ಹೇಳಿದ್ದಕ್ಕೆ ಗಂಡ, "ಅವ್ರು ಓದ್ದೋರು, ನೀನು ಬಾಯ್ ಮುಚ್ಚು" ಎಂದ. ಹದಿನೈದು ದಿನಕ್ಕೆ ಹತ್ತೂ ಸಸಿ ಒಣಗಿ ಕಡ್ಡಿಯಾದವು. ಬೈಗುಳ ತಿಂದವಳು ಮಾತ್ರ ಅವಳು.

"ನೀರ್ ಹಾಕಿಲ್ಲ ಇವ್ಳು. ಸೋಮಾರಿ" ಎಂದ ಗಂಡ, ಅತಿಥಿಯ ಮುಂದೆ.

"ಹೋಗ್ಲಿ ಬಿಡಿ, ಹಳ್ಳಿ ಹೆಂಗಸು. ಕೇರ್ ತಗೊಳೋದು ಗೊತ್ತಾಗಲ್ಲ" ಎಂದು ದಯಾನಂದ ದೊಡ್ಡ ಮನಸ್ಸು ಮಾಡಿದ.

ಮತ್ತೆ ಹತ್ತು ಸಸಿ, ಮತ್ತೆ ಹತ್ತು ಗುಂಡಿ. ಉಪ್ಪಿಗೆ ದೂರದಲ್ಲಿ ಬೇರೆ ಗುಂಡಿ. ಒಂದನ್ನು ಮೇಕೆ ತಿಂದಿತು, ಒಂಬತ್ತು ಬದುಕಿದವು.

ಆ ಚಳಿಗಾಲದಿಂದ ವರ್ಷಕ್ಕೆ ಎರಡೋ ಮೂರೋ ಸಲ, ಬೆಳಗಿನ ಜಾವ ಜೀಪು ಹಿತ್ತಲಿಗೆ ಬಂದು ನಿಲ್ಲುವುದು ರೂಢಿಯಾಯಿತು. ಗೋಣಿತಾಟಿನಲ್ಲಿ ಸುತ್ತಿದ್ದನ್ನು ಗಂಡಸರು ಅವಳ ಕಾಲ ಬಳಿ ಇಳಿಸಿ ಕೈ ತೊಳೆಯಲು ನೀರು ಕೇಳುತ್ತಿದ್ದರು. ಚರ್ಮ ಬಿಡಿಸಲು ಒಬ್ಬನನ್ನು ಕರೆತಂದಿರುತ್ತಿದ್ದರು. ಮಿಕ್ಕದ್ದೆಲ್ಲ ಅವಳದು. ರಕ್ತದ ಮಣ್ಣು ಕೆರೆದು ಹೂಳಬೇಕು, ಗೋಣಿತಾಟು ಸುಡಬೇಕು, ಬೆಳಕು ಹರಿಯುವುದರೊಳಗೆ ಹಿತ್ತಲು ಏನೂ ಆಗಿಲ್ಲದ ಹಿತ್ತಲಿನಂತೆ ಕಾಣಬೇಕು. ಆ ಮಾಂಸ ಒಳಗಿನ ಒಲೆ ಹತ್ತಬಾರದೆಂದು ಹನುಮಂತಮ್ಮನ ಕಟ್ಟಪ್ಪಣೆ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಅದಕ್ಕೆಂದೇ ಇಟ್ಟ ಪಾತ್ರೆಯಲ್ಲಿ ಬೇಯಿಸಬೇಕು, ಆಮೇಲೆ ತಲೆಗೆ ತಣ್ಣೀರು ಸುರಿದುಕೊಂಡೇ ಒಳಗೆ ಬರಬೇಕು. ಬೇಯಿಸಿದವಳಿಗೆ ಮೈಲಿಗೆ, ಉಂಡವರಿಗೆ ಇಲ್ಲ. ಉಂಡವರು ಕೈ ಒರೆಸಿಕೊಂಡು ಒಳಗಿನ ಚಾಪೆಯ ಮೇಲೇ ಮಲಗುತ್ತಿದ್ದರು.

"ಏನ್ ಸಾರು ಮಾಡ್ಸಿದ್ದೀರಿ ರಾಮಾಂಜಿನಯ್ಯನವರೇ! ಈ ರುಚಿ ತುಮಕೂರಲ್ಲಿ ದುಡ್ಡು ಕೊಟ್ರೂ ಸಿಗಲ್ಲ."

ಮಾಡಿಸಿದವನು ಮೀಸೆ ತಿರುವುತ್ತಿದ್ದ. ಮಾಡಿದವಳು ಒದ್ದೆ ಕೂದಲಲ್ಲಿ ಇನ್ನೊಂದು ತಪ್ಪಲೆ ಅನ್ನಕ್ಕೆ ಎಸರಿಡುತ್ತಿದ್ದಳು. ಅವಳು ಒಮ್ಮೆಯೂ ಆ ಸಾರು ಬಾಯಿಗಿಡಲಿಲ್ಲ. ಕರುಣೆಯಿಂದಲ್ಲ. ತನ್ನ ಹೊಲದ ಹುರುಳಿ ಜಿಂಕೆಯ ಹೊಟ್ಟೆ ಸೇರಿ, ಅಲ್ಲಿಂದ ಇವರ ಹೊಟ್ಟೆ ಸೇರುವ ದಾರಿಯಲ್ಲಿ ತನ್ನ ಬಾಯಿಯನ್ನೂ ಒಂದು ನಿಲ್ದಾಣ ಮಾಡಲು ಅವಳಿಗೆ ಮನಸ್ಸಾಗಲಿಲ್ಲ. ಅಂಗಡಿಯಿಂದ ತಂದ ಹುರುಳಿಯಲ್ಲಿ ಮಕ್ಕಳಿಗೆ ಉಪ್ಸಾರು ಕಾಸುವಾಗ ಪ್ರತಿ ಸಲವೂ ಅವಳಿಗೆ ತಾಯಿಯ ಮಾತು ನೆನಪಾಗಿ ಸಿಟ್ಟು ಬರುತ್ತಿತ್ತು, ತಾಯಿಯ ಮೇಲೂ.

ಎರಡು ಸಾವಿರದ ಒಂದರ ಬೇಸಿಗೆಯಲ್ಲಿ ಲೈಸೆನ್ಸ್ ಹೊಸದು ಮಾಡಿಸುವ ಸಮಯ ಬಂತು. ಹೊಲ ಅವಳ ಹೆಸರಿನಲ್ಲಿದ್ದದ್ದರಿಂದ ಅವಳ ಸಹಿಯೂ ಬೇಕು. ಹಿಂದಿನ ಸಲಗಳಲ್ಲಿ ಗಂಡ ಕಾಗದವನ್ನು ಮನೆಗೇ ತಂದು, ಒಲೆಯ ಮುಂದೆ ಹಿಡಿದು ಸಹಿ ಹಾಕಿಸಿಕೊಂಡಿದ್ದ. ಈ ಸಲ ಖುದ್ದು ಬರಬೇಕೆಂದಿದ್ದರು. ಬಸ್ಸಿನಲ್ಲಿ ತುಮಕೂರಿಗೆ ಹೋದರು. ಕಚೇರಿಯ ಎದುರು ಹೊಂಗೆಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಕೂತಿದ್ದ ಹೊನ್ನಯ್ಯ ಅರ್ಜಿ ಹೊಡೆದು ಮುಗಿಸಿ, ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದ:

"ಸದರಿ ಜಮೀನಿನಲ್ಲಿ ನನ್ನ ಧರ್ಮಪತ್ನಿಯು ಪ್ರತಿದಿನ ಸೂರ್ಯೋದಯಕ್ಕೆ ಮುಂಚೆ ಎದ್ದು, ತಲೆಯ ಮೇಲೆ ನೀರು ಹೊತ್ತು, ಕಳೆ ಕಿತ್ತು, ಬಹಳ ಶ್ರಮಪಟ್ಟು ಬೆಳೆದ ಹುರುಳಿ ಬೆಳೆಯನ್ನು ಕಾಡುಪ್ರಾಣಿಗಳು ಸಂಪೂರ್ಣ ನಾಶ ಮಾಡುತ್ತಿದ್ದು..."

ಚಿಕ್ಕಗಂಗಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ಸ್ವಾಮಿ, ಅದುನ್ನ ಇನ್ನೊಂದ್ಸಲ ಓದಿ."

"ಯಾವ್ದಮ್ಮಾ?"

"ಆ ನೀರು ಹೊತ್ತಿದ್ದು."

"ಏ, ಸುಮ್ಕಿರೇ. ಅವ್ರು ಎಲ್ಲಾರ್ಗೂ ಹಂಗೇ ಬರೆಯೋದು" ಎಂದ ರಾಮಾಂಜಿನಯ್ಯ.

"ಇಲ್ಲ ಸ್ವಾಮಿ, ನೀವೇ ಹೇಳಿದ್ರಲ್ಲ ಪಕ್ಕಕ್ಕೆ ಕರ್ದು," ಹೊನ್ನಯ್ಯ ನಕ್ಕ, "ನಮ್ಮವ್ಳು ಎಷ್ಟು ಕಷ್ಟಪಡ್ತಾಳೆ ಅಂತ ಚೆನ್ನಾಗಿ ಬರೀರಿ, ಸಾಹೇಬ್ರ ಕಣ್ಣಲ್ಲಿ ನೀರು ಬರ್ಬೇಕು ಅಂತ."

ಅವಳಿಗೆ ಆಗ ತಿಳಿಯಿತು. ಗಂಡನಿಗೆ ಎಲ್ಲ ಗೊತ್ತಿತ್ತು. ಎಷ್ಟು ಹೊತ್ತಿಗೆ ಏಳುತ್ತಾಳೆ, ತಲೆಯ ಮೇಲೆ ಏನು ಹೊರುತ್ತಾಳೆ, ಎಲ್ಲವನ್ನೂ ಅವನು ಚಾಪೆಯ ಮೇಲಿನಿಂದಲೇ ನೋಡಿದ್ದ. ಕಾಣುವುದಿಲ್ಲ ಎಂದುಕೊಂಡು ಹದಿನಾಲ್ಕು ವರ್ಷ ಅವನನ್ನು ಅರ್ಧ ಕ್ಷಮಿಸಿಕೊಂಡು ಬಂದಿದ್ದಳು. ಅವಳು ಸಹಿ ಹಾಕಿದಳು. ಏಳನೇ ಕ್ಲಾಸಿನ ದುಂಡು ಅಕ್ಷರ.

ಆಗಸ್ಟಿನಲ್ಲಿ ದಯಾನಂದ ಇನ್ನೊಂದು ಕಾಗದ ತಂದ. ಆ ವರ್ಷ ನೆಲ್ಲಿ ಮೊದಲ ಫಸಲು ಬಿಟ್ಟಿತ್ತು. ಹೀಚು ಗೊಂಚಲು ಗೊಂಚಲಾಗಿ ಕಟ್ಟಿದ್ದನ್ನು ನೋಡಿ ಅವನಿಗೆ ದೊಡ್ಡ ಯೋಚನೆ ಬಂದಿತ್ತು. ಹತ್ತು ವರ್ಷಕ್ಕೆ ಹೊಲವನ್ನು ಅವನ ಹೆಸರಿಗೆ ಗುತ್ತಿಗೆ ಬರೆದುಕೊಡಬೇಕು. ತಂತಿ ಬೇಲಿ, ಶೀಟಿನ ಮನೆ, ಇನ್ನೂ ಹಣ್ಣಿನ ಗಿಡ. ಬೆಂಗಳೂರಿನ ದೋಸ್ತುಗಳನ್ನೂ ಕರೆತರುತ್ತಾನಂತೆ.

"ಸುಮ್ಮನೆ ಬರೆಸ್ಕೊಳಲ್ಲ ನಾನು" ಎಂದ, ಕಾಗದವನ್ನು ಮಡಚಿ ಜೇಬಿಗಿಡುತ್ತ. "ಈ ಸೀಸನ್ ನೋಡ್ತೀನಿ. ಡಿಸೆಂಬರ್ ಒಳಗೆ ಜಿಂಕೆ ಚೆನ್ನಾಗಿ ಇಳಿದ್ರೆ ಬರೆಸ್ಕೊತೀನಿ, ಇಲ್ದಿದ್ರೆ ಬೇರೆ ಜಾಗ ಹುಡುಕ್ತೀನಿ. ನನಗೇನು, ಕುಣಿಗಲ್ ಕಡೆಯೂ ಒಬ್ಬರು ಕರೀತಿದ್ದಾರೆ."

"ಇಳೀತವೆ ಸಾರ್, ಇಳೀದೆ ಎಲ್ಲೋಯ್ತವೆ? ಇವ್ಳು ಹುರುಳಿ ಚೆಲ್ಲಿದ್ರೆ ಹುಲ್ಲುಹಾಸು ಹಾಸ್ದಂಗಿರ್ತದೆ" ಎಂದ ರಾಮಾಂಜಿನಯ್ಯ.

"ಇನ್ನೊಂದು ಮಾತು. ನೆಲ್ಲಿಕಾಯಿ ಒಂದೂ ಕೀಳ್ಬಾರ್ದು. ತಾನಾಗೇ ಬಿದ್ದು ಜಿಂಕೆ ತಿನ್ಬೇಕು. ಬಿತ್ತನೆ ಆದ್ಮೇಲೆ ಈಯಮ್ಮನೂ ಹೊಲದ ಕಡೆ ಹೋಗೋದು ಬೇಡ."

ಈಯಮ್ಮ ಅಲ್ಲೇ ನಿಂತಿದ್ದಳು, ಕಾಫಿ ಲೋಟಗಳ ತಟ್ಟೆ ಹಿಡಿದು.

ಜೀಪು ಹೋದ ಮೇಲೆ ಅವಳು ಗಂಡನಿಗೆ ಹೇಳಿದಳು. "ನಾನು ಸಹಿ ಹಾಕಲ್ಲ ಮಾವ. ಅದು ನಮ್ಮವ್ವ ಕೊಟ್ಟಿರೋ ಹೊಲ."

"ನಿಮ್ಮವ್ವ ಯಾರು? ನಮ್ಮಕ್ಕ. ಕೊಟ್ಟಿದ್ದು ಯಾರ್ದು? ನಮ್ಮಪ್ಪಂದು."

"ಪಹಣೀಲಿ ನನ್ನೆಸ್ರಿದೆ."

"ಪಹಣೀಲಿರೋಳು ಪಹಣೀಲೇ ಮಲಿಕೋ ಹೋಗು, ನನ್ನ ಮನೇಲ್ಯಾಕಿದೀಯ?" ಎಂದ ಅವನು. ಕೂಗಲಿಲ್ಲ. ಉಗುರು ಕತ್ತರಿಸಿಕೊಳ್ಳುತ್ತ, ಆರಾಮವಾಗಿ ಅಂದ. "ಡಿಸೆಂಬರಿಗೆ ಸಹಿ ಹಾಕ್ತೀಯ. ಇಲ್ಲಾಂದ್ರೆ ಮಕ್ಳನ್ನ ಇಲ್ಲೇ ಬುಟ್ಟು ಕಡಬದ ಬಸ್ ಹತ್ತು. ನಿಮ್ಮಣ್ಣ ಎಷ್ಟ್ ದಿನ ಇಟ್ಕೋತಾನೆ ನಾನೂ ನೋಡ್ತೀನಿ."

ಅವಳು ಅತ್ತೆಯ ಮುಖ ನೋಡಿದಳು. ಹನುಮಂತಮ್ಮ ಎಲೆಗೆ ಸುಣ್ಣ ಸವರುತ್ತಿದ್ದಳು. ತನ್ನ ಮಗಳಿಗೆ ಹೊಲ ಕೊಡದಿದ್ದರೆ ಬಾವಿಗೆ ಬೀಳುತ್ತೇನೆಂದು ಹಟ ಹಿಡಿದು ಗಂಡನ ಕೈಯಲ್ಲಿ ಬರೆಸಿದವಳು ಒಂದು ಕಾಲದಲ್ಲಿ ಇವಳೇ ಎಂದು ಪುಟ್ಟತಾಯಮ್ಮ ಹೇಳುತ್ತಿದ್ದಳು.

"ನಂಗೇನ್ ನೋಡ್ತೀಯ?" ಎಂದಳು ಹನುಮಂತಮ್ಮ. "ಗಂಡಸು ಹೇಳಿದ್ದು ಮಾಡು. ನಾನು ಮಾಡ್ಲಿಲ್ವಾ?"

ಸೆಪ್ಟೆಂಬರಿನ ಮೊದಲಲ್ಲಿ ಹುಬ್ಬೆ ಮಳೆ ಎರಡು ಹದ ಸುರಿಯಿತು. ಹನುಮಂತಮ್ಮ ಕುಣಿಗಲ್‌ನಲ್ಲಿದ್ದ ಕಿರಿಮಗಳ ಮನೆಗೆ, ಮೊಮ್ಮಗಳ ಬಾಣಂತನಕ್ಕೆಂದು ಹೋದಳು. ಹೋಗುವ ಮುಂಚೆ ಬಿತ್ತನೆಯ ಹುರುಳಿಯನ್ನು ತಾನೇ ಕೇರಿ, ಹದಿನೈದು ಸೇರು ಚೀಲಕ್ಕೆ ಅಳೆದಿಟ್ಟು, "ಒಂದೇ ಕಡೆ ಸುರೀಬೇಡ, ತೆಳ್ಳಗೆ ಚೆಲ್ಲು" ಎಂದು ಎಚ್ಚರಿಕೆ ಕೊಟ್ಟಳು. ಆ ಮನೆಯಲ್ಲಿ ಕಾಳು ನೋಡಿ ಕಾಳು ಗುರುತು ಹಿಡಿಯುವವರು ಇಬ್ಬರೇ. ಒಬ್ಬಳು ಬಸ್ಸು ಹತ್ತಿದಳು.

ಬಾಡಿಗೆಗೆ ಹೇಳಿದ್ದ ಚಿಕ್ಕಬೋರಯ್ಯನ ಎತ್ತು ಬಂದು ಹೊಲ ಉತ್ತು ಹೋಯಿತು. ಬಿತ್ತನೆ ಮಾರನೆಯ ಬೆಳಗ್ಗೆ.

ಅಂದು ಅವಳು ದಿನಕ್ಕಿಂತ ಮುಂಚೆ ಎದ್ದಳು. ಬೂದಿ ತೆಗೆದಳು, ಸಗಣಿ ಬಾಚಿದಳು, ಹಾಲು ಕರೆದಳು. ಬಿತ್ತನೆಯ ಚೀಲ ತೆಗೆದುಕೊಳ್ಳಲು ಉಗ್ರಾಣಕ್ಕೆ ಹೋದಳು. ಚೀಲದ ಪಕ್ಕದಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಮಡಕೆ ಇತ್ತು. ಮನೆಯ ಹಿಂದಿನ ರಾಗಿ ಸಾಲಿನಲ್ಲಿ ಹೋದ ವರ್ಷ ಬೆಳೆದು, ಬೇವಿನ ಸೊಪ್ಪು ಹಾಕಿಟ್ಟಿದ್ದ ಹುಚ್ಚೆಳ್ಳು. ಬಟ್ಟೆ ಬಿಚ್ಚಿ ಕೈ ಇಳಿಸಿದಳು. ತಣ್ಣಗೆ, ನುಣ್ಣಗೆ, ಬೆರಳ ಸಂದಿಯಲ್ಲಿ ಜಾರುವ ಕಪ್ಪು ಕಾಳು. ಒಂದೂವರೆ ಎಕರೆಗೆ ಸಾಕಾಗಿ ಮಿಗುತ್ತಿತ್ತು.

ಹೊರಗಿನ ಚಾಪೆಯಿಂದ ಗಂಡನ ಗೊರಕೆ ಕೇಳುತ್ತಿತ್ತು. ಅವನಿಗೆ ಬೀಜ ಕಂಡರೆ ತಿಳಿಯದು. ಮೊಳಕೆ ಕಂಡರೂ ತಿಳಿಯದು. ಮೊಣಕಾಲುದ್ದ ಬೆಳೆದು ಹೊಲ ಪೂರ್ತಿ ಹಳದಿ ಹೂವಾದ ದಿನ ತಿಳಿಯುತ್ತದೆ, ಆ ಹೊತ್ತಿಗೆ ಹುರುಳಿ ಬಿತ್ತುವ ಹದ ಮುಗಿದಿರುತ್ತದೆ. ಅಥವಾ ಅದಕ್ಕೂ ಮುಂಚೆ ಬಾಣಂತನ ಮುಗಿಸಿ ಅಜ್ಜಿ ಬಂದು, ಬೇಲಿಯ ಆಚೆಯಿಂದಲೇ ನೋಡಿ ಹೇಳುತ್ತಾಳೆ. ಅಥವಾ ಹೇಳುವುದಿಲ್ಲ. ಅದು ಅವಳಿಗೆ ಬಿಟ್ಟದ್ದು. ಅವನು ಹೊಡೆಯುತ್ತಾನೆ. ಕಡಬದ ಬಸ್ಸಿನ ಮಾತು ಎತ್ತುತ್ತಾನೆ. ಪಹಣಿಯಲ್ಲಿ ಹುಚ್ಚೆಳ್ಳು ಎಂದು ಬರೆದರೆ, ಯಾವ ಪ್ರಾಣಿಯೂ ಮೂಸದ ಬೆಳೆಯನ್ನು ಕಾಯಲು ಕೋವಿ ಏಕೆಂದು ಕಚೇರಿಯವರು ಕೇಳುತ್ತಾರೆ. ಡಿಸೆಂಬರಿನಲ್ಲಿ ದಯಾನಂದ ಅಟ್ಟಣೆ ಹತ್ತಿ ಕೂತು, ಬರಿಗೈಯಲ್ಲಿ ಇಳಿದು, ಕಾಗದವನ್ನು ಜೇಬಿನಲ್ಲೇ ಇಟ್ಟುಕೊಂಡು ಕುಣಿಗಲ್ ಕಡೆ ಹೋಗುತ್ತಾನೆ. ನೆಲ್ಲಿಕಾಯಿ ಬೀಳುವುದಕ್ಕೆ ಮುಂಚೆ ಕೀಳಬೇಕಾಗುತ್ತದೆ, ಒಂಬತ್ತೂ ಗಿಡ, ಒಂದೂ ಬಿಡದೆ. ಉಪ್ಪಿನಕಾಯಿಗೆ ಉಪ್ಪು ಹೇಗೂ ಇದೆ, ಗುಂಡಿಗೆಂದು ತಂದಿಟ್ಟ ಮೂಟೆ.

ಬಿತ್ತನೆಯ ಚೀಲವನ್ನು ಎತ್ತಿಕೊಂಡು ಅವಳು ಒಲೆಯ ಬಳಿಗೆ ಬಂದಳು. ದೊಡ್ಡ ಮಡಕೆಗೆ ಒಂದಿಷ್ಟು, ಹಸುಗಳಿಗೆ ಬೇಯಿಸುವ ಹಂಡೆಗೆ ಮಿಕ್ಕದ್ದು. ನೀರು ಹೊಯ್ದಳು. ಒಲೆ ಹತ್ತಿಸಿ, ಎರಡು ಸೌದೆ ಮುಂದಕ್ಕೆ ತಳ್ಳಿ, ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ತೆಗೆಯಬೇಕೆಂದರೆ ಇನ್ನೂ ತೆಗೆಯಬಹುದಿತ್ತು, ನೆನೆದ ಕಾಳೂ ಮೊಳೆಯುತ್ತದೆ. ನೀರಿನ ಅಂಚಿನಲ್ಲಿ ಗುಳ್ಳೆ ಎದ್ದವು. ಅವಳು ಕೈ ಚಾಚಲಿಲ್ಲ. ಕಾಳು ಮೇಲಕ್ಕೂ ಕೆಳಕ್ಕೂ ಕುಣಿಯತೊಡಗಿ, ಸಿಪ್ಪೆ ಬಿರಿದು, ಹುರುಳಿ ಬೆಂದ ವಾಸನೆ ಮನೆ ತುಂಬಿತು.

ಗೊರಕೆ ನಿಂತಿತು. "ಏನ್ಲೇ ಅದು, ಹುರುಳಿ ಬೇಯಿಸ್ತಿದೀಯಾ?"

"ಹೂಂ. ಕಟ್ಟಿನ ಸಾರು."

"ಜಾಸ್ತಿ ಮಾಡು, ನಾಳೆಗೂ ಆಯ್ತದೆ. ಬಿತ್ತನೆಗೆ ಹೋಗಲ್ವಾ?"

"ಹೊಂಟೆ."

"ತೆಳ್ಳಗೆ ಚೆಲ್ಲು ಅಂದವ್ಳೆ ನಮ್ಮವ್ವ" ಎಂದು ಅವನು ಮಗ್ಗುಲು ಬದಲಿಸಿದ.

ಹುಚ್ಚೆಳ್ಳಿನ ಮಡಕೆಯನ್ನು ತಲೆಯ ಮೇಲಿಟ್ಟುಕೊಂಡು ಅವಳು ಹೊರಟಳು. ಹಳ್ಳದ ಹತ್ತಿರ ಮಡಿಲ ತುಂಬ ಮರಳು ತುಂಬಿಕೊಂಡಳು. ಸಣ್ಣ ಕಾಳು, ಮರಳು ಬೆರೆಸದಿದ್ದರೆ ಒಂದೇ ಕಡೆ ಬೀಳುತ್ತದೆ. ಬೇಲಿಯಿಂದ ಒಂದು ಜಾಲಿಯ ಕೊಂಬೆ ಕಿತ್ತು, ಬಿತ್ತಿದ ಮೇಲೆ ಎಳೆದು ಮಣ್ಣು ಮುಚ್ಚಲೆಂದು ಬದುವಿನ ಮೇಲೆ ಇಟ್ಟಳು. ಕಾಡಿನ ಕಡೆಯ ಕಂಡಿಯನ್ನು ಈ ಸಲ ಮುಚ್ಚಲೂ ಇಲ್ಲ, ಬಿಡಿಸಲೂ ಇಲ್ಲ. ಮರಳೂ ಕಾಳೂ ಕಲೆಸಿ ಮುಷ್ಟಿ ತುಂಬಿಕೊಂಡು, ಬೆಟ್ಟದ ಹಿಂದೆ ಬೆಳಕು ಬರುವಷ್ಟರಲ್ಲಿ ಮೊದಲ ಹಿಡಿಯನ್ನು ಅಟ್ಟಣೆಯ ಬುಡಕ್ಕೇ ಬೀಸಿದಳು.